ನೂರು ಫೀಲ್ಡ್ ಮುಗಿಯುವ ಮೊದಲು ‘ಇಲ್ಲ’ ಎಂದು ಬರೆಯಬೇಡಿ

ಕಾಸರಗೋಡು ಜಿಲ್ಲೆಯ ಉಪ್ಪಳದ ಆಸುಪಾಸಿನ ಲ್ಯಾಬುಗಳಲ್ಲಿ 26 ವರ್ಷ ರಕ್ತದ ಸ್ಲೈಡು ನೋಡಿದವಳು ನಾನು. ಮಲೇರಿಯಾ ಪರೀಕ್ಷೆಗೆ ಹೊಸದಾಗಿ ಕೂರುವ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ವೃತ್ತವೇ ಒಂದು ಫೀಲ್ಡ್; ‘ಇಲ್ಲ’ ಎಂದರೆ ಮಲೇರಿಯಾದ ಪರಾವಲಂಬಿ ಕಾಣಲಿಲ್ಲ ಎಂದು. ಪರಾವಲಂಬಿ ಎದ್ದು ಕಾಣಲು ಸ್ಲೈಡಿಗೆ ಜೀಮ್ಸಾ ಬಣ್ಣ ಹಾಕುವುದನ್ನು ಕಾಲೇಜಿನಲ್ಲಿ ಕಲಿತು ಬಂದಿರುತ್ತೀರಿ. ಏನೂ ಸಿಗದ ಸ್ಲೈಡುಗಳ ಸಾಲಿನಲ್ಲಿ ಕಣ್ಣನ್ನು ಎಚ್ಚರವಾಗಿ ಇಟ್ಟುಕೊಳ್ಳುವುದನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ.

ಮಳೆಗಾಲದ ಒಂದು ಆಟಿ ತಿಂಗಳಲ್ಲಿ ನನಗೇ ತಪ್ಪಿತು. ಕಟ್ಟಡದ ಕೆಲಸಕ್ಕೆಂದು ಮಂಗಳೂರಿಗೆ ಹೋಗಿಬರುತ್ತಿದ್ದ ಹುಡುಗ. ದಿನ ಬಿಟ್ಟು ದಿನ ಚಳಿಜ್ವರ. ವಾರವಿಡೀ ಒಂದೂ ಪಾಸಿಟಿವ್ ಸಿಕ್ಕಿರಲಿಲ್ಲ, ಅವನದನ್ನೂ ‘ಇಲ್ಲ’ ಎಂದು ಬರೆದೆ. ಮೂರನೆಯ ದಿನ ಅವನ ತಾಯಿ ಬಂದು, “ಅಕ್ಕಾ, ಇನ್ನೊಮ್ಮೆ ನೋಡುತ್ತೀರಾ?” ಎಂದರು. ಹಳೆಯ ಸ್ಲೈಡನ್ನೇ ಮತ್ತೆ ಇಟ್ಟೆ. 38ನೆಯ ಫೀಲ್ಡಿನಲ್ಲಿ ವೈವಾಕ್ಸ್ ಎಂಬ ಮಲೇರಿಯಾ ಪರಾವಲಂಬಿ ಇತ್ತು. ಮೊದಲ ಸಲ ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಹುಡುಗ ಗುಣವಾದ. ಆ ಮೂರು ದಿನಗಳ ಜ್ವರ ಇಂದಿಗೂ ನನ್ನ ಲೆಕ್ಕದಲ್ಲೇ ಇದೆ.

ಆಮೇಲೆ ಓದಿ ತಿಳಿದುಕೊಂಡೆ. 2005ರಲ್ಲಿ ಅಮೆರಿಕದ ಸಂಶೋಧಕ ಜೆರೆಮಿ ವೋಲ್ಫ್ ಮತ್ತು ಸಂಗಡಿಗರು ಜನರಿಗೆ ಚಿತ್ರಗಳಲ್ಲಿ ಅಡಗಿದ ವಸ್ತುವನ್ನು ಹುಡುಕಲು ಕೊಟ್ಟರು. ಅರ್ಧದಷ್ಟು ಚಿತ್ರಗಳಲ್ಲಿ ವಸ್ತು ಇದ್ದಾಗ ತಪ್ಪಿದ್ದು ಸುಮಾರು ಶೇ. 7; ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಸುಮಾರು ಶೇ. 30. ಕಣ್ಣು ಅದೇ, ಚಿತ್ರವೂ ಅಷ್ಟೇ ಸ್ಪಷ್ಟ. ಸಿಗುವುದು ಅಪರೂಪವಾದಂತೆ ಮನಸ್ಸು ಬೇಗ ಕೈಬಿಡುತ್ತದೆ. ನನಗೆ ಆದದ್ದೂ ಅದೇ.

ಆದ್ದರಿಂದ ಯಾವಾಗ ನಿಲ್ಲಿಸಬೇಕು ಎಂಬುದನ್ನು ಮನಸ್ಸಿಗೆ ಬಿಡಬೇಡಿ. ದಪ್ಪ ಲೇಪದಲ್ಲಿ, ಅಂದರೆ ರಕ್ತದ ಹನಿಯನ್ನು ದಪ್ಪಗೆ ಹರಡಿದ ಕಡೆ, ಎಣ್ಣೆ ಹಾಕಿ ನೋಡುವ ನೂರು ಪಟ್ಟಿನ ಲೆನ್ಸಿನಲ್ಲಿ, ಕನಿಷ್ಠ 100 ಫೀಲ್ಡ್ ನೋಡದೆ ‘ಇಲ್ಲ’ ಎನ್ನುವಂತಿಲ್ಲ. ನಾನು ಚೆನ್ನೆಮಣೆ ಆಟದ ಹತ್ತು ಮಂಜೊಟ್ಟಿ ಬೀಜಗಳನ್ನು ಎಡಗಡೆಯ ಬಟ್ಟಲಲ್ಲಿ ಇಟ್ಟುಕೊಳ್ಳುತ್ತೇನೆ. ಹತ್ತು ಫೀಲ್ಡಿಗೆ ಒಂದು ಬೀಜ ಬಲಗಡೆಯ ಬಟ್ಟಲಿಗೆ. ಎಡಗಡೆ ಬರಿದಾದ ಮೇಲೆಯೇ ಪೆನ್ನು ಎತ್ತುವುದು. ಯಂತ್ರದ ಗುಂಡಿ ಒತ್ತಿಯೂ ಎಣಿಸಬಹುದು, ಆದರೆ ಬೆರಳು ಎಷ್ಟು ಬೇಕಾದರೂ ಸುಮ್ಮನೆ ಒತ್ತುತ್ತದೆ. ಬೀಜ ಎತ್ತಿಡಲು ಕೈ ಚಾಚಲೇಬೇಕು, ಅಷ್ಟರಲ್ಲಿ ಕಣ್ಣಿಗೂ ಒಂದು ಕ್ಷಣ ಬಿಡುವು ಸಿಗುತ್ತದೆ.

ಬೆಳಿಗ್ಗೆ ಕುಳಿತ ಕೂಡಲೇ ಖಚಿತವಾಗಿ ಪಾಸಿಟಿವ್ ಎಂದು ಗೊತ್ತಿರುವ ಹಳೆಯ ಸ್ಲೈಡೊಂದನ್ನು ನೋಡಿ. ತೆಳು ಲೇಪದಲ್ಲಿ ಕೆಂಪುಕಣದೊಳಗೆ ನಸುನೀಲಿ ಉಂಗುರ, ಮೂಗುತಿಗೆ ಹರಳು ಕೂರಿಸಿದಂತೆ ಅದರ ಅಂಚಿನಲ್ಲಿ ಕೆಂಪು ಚುಕ್ಕಿ. ಆ ಚಿತ್ರ ಕಣ್ಣಲ್ಲಿ ನಿಲ್ಲಲಿ. ಕೆಂಪುಕಣದ ಮೇಲೆ ಪ್ಲೇಟ್‌ಲೆಟ್ ಕುಳಿತರೂ ಹಾಗೆಯೇ ಮೋಸ ಮಾಡುತ್ತದೆ. ಆಗ ಸೂಕ್ಷ್ಮ ಫೋಕಸ್ಸನ್ನು ಅತ್ತಿತ್ತ ತಿರುಗಿಸಿ. ಪ್ಲೇಟ್‌ಲೆಟ್ ಕೆಂಪುಕಣಕ್ಕಿಂತ ಬೇರೆ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ, ಸುತ್ತ ತೆಳುವಾದ ಬಿಳಿ ಅಂಚು ಕಾಣುತ್ತದೆ.

ದಿನದ ನಡುವೆಯೂ ಒಂದೆರಡು ಪಾಸಿಟಿವ್ ಸ್ಲೈಡುಗಳನ್ನು ನಿಮಗೆ ಗೊತ್ತಾಗದಂತೆ ಸೇರಿಸಲು ಜೊತೆಯವರಿಗೆ ಹೇಳಿ. ರೋಗಿಗಳ ಲೆಕ್ಕದೊಂದಿಗೆ ಬೆರೆಯದಂತೆ ಅವರ ಬಳಿ ಪಟ್ಟಿ ಇರಲಿ. ತಪ್ಪಿದರೆ ಅವರು ಕೂಡಲೇ ತಿಳಿಸಬೇಕು. ನನ್ನ ಅನುಭವದಲ್ಲಿ ಇದರಷ್ಟು ಉಪಕಾರ ಮಾಡಿದ್ದು ಬೇರೊಂದಿಲ್ಲ.

ಅರ್ಧ ಗಂಟೆಗೊಮ್ಮೆ ಏಳಿ. 1948ರಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಜನರನ್ನು ಎರಡು ಗಂಟೆ ಒಂದು ಗಡಿಯಾರದ ಮುಂದೆ ಕೂರಿಸಿದ್ದರು. ಮುಳ್ಳು ಅಪರೂಪಕ್ಕೆ ದುಪ್ಪಟ್ಟು ಜಿಗಿಯುವುದನ್ನು ಹಿಡಿಯಬೇಕಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲೇ ಹಿಡಿಯುವುದು ಕಡಿಮೆಯಾಗಿತ್ತು. ಹೊರಗೆ ಜಡಿಮಳೆ ಹಿಡಿದಿದ್ದರೂ ಜಗುಲಿಗೆ ಬಂದು ದೂರದ ತೆಂಗಿನ ತಲೆಗಳನ್ನು ನೋಡಿ ಬನ್ನಿ.

ಒಂದು ಪರಾವಲಂಬಿ ಸಿಕ್ಕಿತೆಂದು ಎದ್ದುಬಿಡುವುದೂ ತಪ್ಪು. ವೈವಾಕ್ಸ್ ಇರುವಲ್ಲಿ ಮಲೇರಿಯಾದ್ದೇ ಇನ್ನೊಂದು ಪರಾವಲಂಬಿ ಫಾಲ್ಸಿಪಾರಮ್ ಕೂಡ ಇರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ. ನೂರನ್ನು ಮುಗಿಸಿ.

ಎಲ್ಲ ಮುಗಿದೂ ಕಾಣದಿದ್ದರೆ ‘100 ಫೀಲ್ಡ್ ನೋಡಿದೆ, ಕಾಣಲಿಲ್ಲ’ ಎಂದು ಬರೆಯಿರಿ. ಜ್ವರ ಬಿಡದಿದ್ದರೆ 12ರಿಂದ 24 ಗಂಟೆಯೊಳಗೆ ಮತ್ತೆ ರಕ್ತ ಕೊಡಲು ಬರಬೇಕು ಎಂದು ರೋಗಿಯ ಮನೆಯವರಿಗೆ ಅವರ ಭಾಷೆಯಲ್ಲೇ, ತುಳುವೋ ಮಲಯಾಳವೋ ಬ್ಯಾರಿಯೋ, ಬಾಯಿಬಿಟ್ಟು ಹೇಳಿ ಕಳುಹಿಸಿ.