ಮಳೆ ಪುಸ್ತಕದ ಹಿಂದಿನ ಪುಟಗಳು

ನಮ್ಮ ತೋಟ ಇರೋದು ಮೂಡಿಗೆರೆ ತಾಲ್ಲೂಕಿನಲ್ಲಿ. ಅಲ್ಲಿ ಕಾಲು ಕ್ಲಚ್ಚಿಗೆ ಎಟುಕಿತು ಅಂದರೆ ಸಾಕು, ಕಣದಲ್ಲಿ ಜೀಪು ಓಡಿಸಬಹುದು. ನನಗೆ ಒಂಬತ್ತಕ್ಕೇ ಎಟುಕಿತ್ತು. ಮಳೆಗಾಲದಲ್ಲಿ ಕಾಫಿ ಒಣಗಿಸುವ ಕೆಲಸ ಇರುವುದಿಲ್ಲ, ಕಣದ ಸಿಮೆಂಟಿಗೆ ಪಾಚಿ ಹಿಡಿದಿರುತ್ತದೆ. ಹಿಂದಿನ ಚಕ್ರ ಜಾರಿದಾಗ ಸ್ಟೇರಿಂಗ್ ಯಾವ ಕಡೆ ತಿರುಗಿಸಬೇಕು ಅನ್ನೋದನ್ನು ನನಗೆ ಕಲಿಸಿದ್ದು ಆ ಪಾಚಿ.

2005ರಲ್ಲಿ ನಮ್ಮ ದೇಶದ ಕಾರ್ ರೇಸರ್ ನರೇನ್ ಕಾರ್ತಿಕೇಯನ್ ಫಾರ್ಮುಲಾ ಒನ್‌ಗೆ ಹೋದರು. ನಮ್ಮ ಮನೆಯಲ್ಲಿ ಟಿವಿ ಇತ್ತು, ಕರೆಂಟ್ ಇರುತ್ತಿರಲಿಲ್ಲ. ಹಾಗಾಗಿ ನೋಡಿದ್ದಕ್ಕಿಂತ ಪೇಪರಿನಲ್ಲಿ ಓದಿದ್ದೇ ಜಾಸ್ತಿ. ಮರುವರ್ಷ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಚಿಕ್ಕಪ್ಪ ನನ್ನನ್ನು ಒಂದು ಕಾರ್ಟಿಂಗ್ ಟ್ರ್ಯಾಕಿಗೆ, ಅಂದರೆ ಪುಟಾಣಿ ರೇಸ್ ಗಾಡಿ ಓಡಿಸುವ ಜಾಗಕ್ಕೆ, ಕರೆದುಕೊಂಡು ಹೋದರು. ಆಗ ನನಗೆ ಹನ್ನೊಂದು. ಹತ್ತು ನಿಮಿಷಕ್ಕೆ ದುಡ್ಡು ಕೊಟ್ಟಿದ್ದರು. ಇಳಿದಾಗ ಅಂಗೈಯಲ್ಲಿ ಬೊಬ್ಬೆ, ಎಡ ಪಕ್ಕೆಲುಬಿನಲ್ಲಿ ನೋವು. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ನೆಲದ ಪ್ರತಿ ಉಬ್ಬೂ ನೇರ ಪಕ್ಕೆಗೇ ಬಂದು ಬಡಿಯುತ್ತದೆ.

ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ಲೂ ಕಾರ್ಟಿಗೆ ಇಲ್ಲ. ಹಿಂದಿನ ಎರಡು ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ, ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ತಿರುವಿನಲ್ಲಿ ಒಳಗಿನ ಹಿಂಚಕ್ರ ಒಂದಿಷ್ಟು ಮೇಲೇಳದಿದ್ದರೆ ಗಾಡಿ ತಿರುಗುವುದೇ ಇಲ್ಲ, ಮೂತಿ ನೇರ ಹೋಗಿಬಿಡುತ್ತದೆ. ಸೀಟು ಎಲ್ಲಿ ಕೂರಿಸಿದ್ದೀರಿ, ನಿಮ್ಮ ತೂಕ ಎಷ್ಟು, ಟೈರಿನಲ್ಲಿ ಗಾಳಿ ಎಷ್ಟು ಅನ್ನೋದರ ಮೇಲೆ ಎಲ್ಲ ನಿಂತಿದೆ. ನಾನು ಸಣಕಲ. ಆಮೇಲೆ ರೇಸಿಗಿಳಿದಾಗ ನನ್ನ ವಿಭಾಗದ ಕನಿಷ್ಠ ತೂಕ ಮುಟ್ಟಲು ಸೀಟಿಗೆ ಸೀಸದ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಅಜ್ಜಿಗೆ ಇದು ಗೊತ್ತಾಗಿ ಊಟಕ್ಕೆ ಎರಡು ಕಡುಬು ಹೆಚ್ಚು ಹಾಕಿದ್ದು ಬಿಟ್ಟರೆ ಬೇರೇನೂ ಬದಲಾಗಲಿಲ್ಲ.

ಅಪ್ಪ ಸೆಕೆಂಡ್ ಹ್ಯಾಂಡ್ ಕಾರ್ಟ್ ಕೊಡಿಸಿದರು, ಒಂದು ಷರತ್ತಿನ ಮೇಲೆ. ನಮ್ಮ ಕಡೆ ತೋಟ ಇರುವವರ ಮನೆಯಲ್ಲೆಲ್ಲ ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ ಬರೆಯುವುದು. ನೂರು ಸೆಂಟಿಗೆ ಒಂದಿಂಚು. ಅಪ್ಪ ಒಂದು ದಿನವೂ ತಪ್ಪಿಸಿದವರಲ್ಲ. ಅರ್ಧ ಖಾಲಿ ಉಳಿದಿದ್ದ ಹಳೆಯದೊಂದನ್ನು ನನ್ನ ಕೈಗಿಟ್ಟು, "ಗಾಡಿ ಓಡಿಸಿದ ದಿನ ಎಲ್ಲ ಬರೀಬೇಕು. ಬರೀದಿದ್ರೆ ಮುಂದಿನ ವಾರ ಬೆಂಗ್ಳೂರಿಲ್ಲ ನೋಡು" ಅಂದರು.

ಬೆಳಗಿನ ಜಾವ ಮೂರಕ್ಕೆ ಪಿಕಪ್‌ನಲ್ಲಿ ಹೊರಟು, ಬೇಲೂರು, ಹಾಸನ ದಾಟಿ, ಚನ್ನರಾಯಪಟ್ಟಣದಲ್ಲಿ ಇಡ್ಲಿ ತಿಂದು ಬೆಂಗಳೂರು ಸೇರುತ್ತಿದ್ದೆವು. ವಾಪಸ್ ಬರುವಾಗ ಪುಸ್ತಕ ತೊಡೆಯ ಮೇಲೆ. ಮೊದಮೊದಲು ಬರೆದಿದ್ದೆಲ್ಲ "ಚೆನ್ನಾಗಿತ್ತು", "ಗ್ರಿಪ್ ಇರಲಿಲ್ಲ" ಅಷ್ಟೇ. "ಎಲ್ಲಿ ಇರಲಿಲ್ಲ? ಬ್ರೇಕ್ ಒತ್ತುವಾಗಲೋ, ತಿರುಗಿಸುವಾಗಲೋ, ಆಕ್ಸಿಲರೇಟರ್ ಕೊಡುವಾಗಲೋ?" ಅಂತ ಅಪ್ಪ ಕೇಳುವರು. ಅವರಿಗೆ ರೇಸಿಂಗ್ ಗೊತ್ತಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ತಪ್ಪು ಲೆಕ್ಕ ತಂದರೆ ಹೇಗೆ ಕೇಳುತ್ತಿದ್ದರೋ ಹಾಗೇ ನನ್ನನ್ನೂ ಕೇಳುತ್ತಿದ್ದರು.

ಆ ಪುಸ್ತಕದಲ್ಲಿ ನಾನು ಬರೆಯದೆ ಬಿಟ್ಟ ಒಂದು ಸಾಲಿಗೆ ಎಂಜಿನ್ನೇ ಹೋಯಿತು. ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಮೊದಲ ಸಲ ಹೋಗಿದ್ದೆವು. ನಮ್ಮದು 125 ಸಿಸಿ ಟೂ ಸ್ಟ್ರೋಕ್ ಎಂಜಿನ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಕೊಯಮತ್ತೂರು ಅದರ ಅರ್ಧದಷ್ಟೂ ಇಲ್ಲ. ಕೆಳಗಿಳಿದಷ್ಟೂ ಗಾಳಿ ದಪ್ಪ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚು ಬೇಕು. ಕಾರ್ಬುರೇಟರಿಗೆ ದೊಡ್ಡ ಜೆಟ್, ಅಂದರೆ ಪೆಟ್ರೋಲ್ ಹರಿಯುವ ತೂತು ದೊಡ್ಡದಿರುವ ಬಿಡಿಭಾಗ, ಹಾಕಬೇಕಿತ್ತು. ಪುಸ್ತಕದಲ್ಲಿ ಜೆಟ್ ಬಗ್ಗೆ ಒಂದು ಸಾಲೂ ಇರಲಿಲ್ಲ, ನಾವು ಬೆಂಗಳೂರಿನ ಜೆಟ್ಟನ್ನೇ ಬಿಟ್ಟಿದ್ದೆವು. ಬೆಳಿಗ್ಗೆ ತಂಪಿನಲ್ಲಿ ಮೊದಲ ಕೆಲವು ಸುತ್ತು ಎಂಜಿನ್ ಎಷ್ಟು ಚೆನ್ನಾಗಿ ಓಡಿತು ಅಂದರೆ ನನಗೇ ಆಶ್ಚರ್ಯ. ಟೂ ಸ್ಟ್ರೋಕ್ ಎಂಜಿನ್ ಸಾಯುವ ಮುಂಚೆ ಹಾಗೇ ಓಡುವುದು. ಟ್ರ್ಯಾಕಿನ ನೇರ ದಾರಿ ಮುಗಿಯುವ ಹೊತ್ತಿಗೆ ಪಿಸ್ಟನ್ ಸೀಜ್, ಸಿಲಿಂಡರಿಗೆ ಕಚ್ಚಿಕೊಂಡು ನಿಂತೇಹೋಯಿತು. ಟೂ ಸ್ಟ್ರೋಕಿಗೆ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಮ್ಮಿಯಾದರೆ ಬಿಸಿಯೂ ಏರುತ್ತದೆ, ಆಯಿಲೂ ಕಮ್ಮಿ.

ಊರಿಗೆ ಬಂದು ಹೇಳಿದರೆ ನಮ್ಮ ತೋಟದಲ್ಲಿ ಟೂ ಸ್ಟ್ರೋಕ್ ವೀಡ್ ಕಟ್ಟರಿನಿಂದ ಕಳೆ ಹೊಡೆಯುವ ಅಣ್ಣ ನಕ್ಕುಬಿಟ್ಟರು. "ಪ್ಲಗ್ ಬಿಚ್ಚಿ ನೋಡ್ಲಿಲ್ವಾ?" ಅವರ ಲೆಕ್ಕ ಸರಳ. ಸ್ಪಾರ್ಕ್ ಪ್ಲಗ್ಗಿನ ತುದಿ ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಸರಿ, ಡಿಕಾಕ್ಷನ್ ಥರ ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಎಂಜಿನ್ ಉರಿಯುತ್ತಿದೆ ಅಂತ. ಅಂದಿನಿಂದ ಪುಸ್ತಕದಲ್ಲಿ ಊರು, ಹೊತ್ತು, ಸೆಕೆ, ಜೆಟ್ ನಂಬರ್, ಪ್ಲಗ್ ಬಣ್ಣ, ಐದಕ್ಕೂ ಗೆರೆ ಎಳೆದು ಕಾಲಂ ಮಾಡಿದೆ.

ನಾನು ಮೊದಲು ಗೆದ್ದದ್ದು ಮಳೆಯಲ್ಲಿ. ಬಿಸಿಲಿನಲ್ಲಿ ಎಲ್ಲರೂ ಓಡಿಸುವ ಗೆರೆಯ ಮೇಲೆ ಟೈರಿನ ರಬ್ಬರ್ ಮೆತ್ತಿರುತ್ತದೆ, ನೀರು ಬಿದ್ದರೆ ಅದೇ ಜಾಗ ಎಣ್ಣೆ ಸುರಿದ ಹಾಗೆ. ನಾನು ತಿರುವಿನ ಹೊರಗಡೆ ಒರಟು ನೆಲ ಹುಡುಕಿಕೊಂಡು ಓಡಿಸಿದೆ. ಬೆಂಗಳೂರಿನ ಹುಡುಗರಿಗೆ ಅದು ಸಾಹಸ, ನನಗೆ ಜುಲೈ ತಿಂಗಳು.

2013ರಲ್ಲಿ ಎಲ್‌ಜಿಬಿ ಫಾರ್ಮುಲಾ 4 ಅನ್ನುವ ಕಾರ್ ರೇಸ್ ಸರಣಿಗೆ ಬಂದೆ. ಮಾರುತಿಯ 1300 ಸಿಸಿ ಎಂಜಿನ್, ಗೇರ್ ಇರುವ ಗಾಡಿ. ಕಾರ್ಟಿನಿಂದ ಬಂದವರು ಒದ್ದಾಡುವುದು ಗೇರ್ ಇಳಿಸುವಾಗ. ಹಳೇ ಜೀಪಿನಲ್ಲಿ ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತಿ ಡಬಲ್ ಕ್ಲಚ್ ಹೊಡೆದಿದ್ದ ಕಾಲಿಗೆ ಅದು ಕಷ್ಟ ಅನ್ನಿಸಲಿಲ್ಲ. ಕಷ್ಟ ಆಗಿದ್ದು ದುಡ್ಡಿನದು. ನಮ್ಮ ದೇಶದಲ್ಲಿ ಬಹುಪಾಲು ಚಾಲಕರು ಸೀಟಿಗೆ ತಾವೇ ದುಡ್ಡು ಕಟ್ಟುತ್ತಾರೆ, ಬಹುಮಾನದ ಹಣ ಟೈರಿಗೂ ಸಾಲದು. ಒಂದು ವರ್ಷ ಒಬ್ಬ ಪ್ರಾಯೋಜಕರು ಸೀಸನ್ ಶುರುವಾಗುವ ಹಿಂದಿನ ವಾರ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಆ ಸಲ ಕಾಫಿ ಹೂ ಅರಳಿಸುವ ಹೂಮಳೆಯೂ ಕೈಕೊಟ್ಟಿತ್ತು. ಅಪ್ಪನ ಹತ್ತಿರ ಕೇಳಲು ಬಾಯಿ ಬರಲಿಲ್ಲ.

ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ಓಡಿಸಲು ಗಾಡಿ ಇಲ್ಲದೆ, ಗೆಳೆಯನ ಟೀಮಿನ ಟೈರ್ ಹೊರುತ್ತಿದ್ದೆ. 3.7 ಕಿಲೋಮೀಟರಿನ ಆ ಟ್ರ್ಯಾಕಿನ ಬಗ್ಗೆ ನನ್ನ ಬಳಿ ನಲವತ್ತು ಪುಟ ಇತ್ತು. ಹೊಸ ಹುಡುಗನೊಬ್ಬ ಒಂದೇ ತಿರುವಿನಲ್ಲಿ ಬೆಳಿಗ್ಗೆಯಿಂದ ಗಾಡಿ ಗಿರಕಿ ಹೊಡೆಸುತ್ತಿದ್ದ. ಅವನಿಗೆ ಆ ಪುಟ ತೆಗೆದು ತೋರಿಸಿದೆ. ಬ್ರೇಕ್ ಒತ್ತುವುದು ತಡ ಆಗಿರಲಿಲ್ಲ, ಬಿಡುವುದು ತಡ ಆಗುತ್ತಿತ್ತು. ಮಧ್ಯಾಹ್ನ ಅವನ ಅಪ್ಪ ಬಂದು, "ದಿನಕ್ಕೆ ಎಷ್ಟು ತಗೋತೀರಿ?" ಅಂದರು. ನನಗೆ ಲೆಕ್ಕವೇ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಕಮ್ಮಿಯೇ ಹೇಳಿದೆ ಅಂತ ಆಮೇಲೆ ಗೊತ್ತಾಯಿತು. ಇವತ್ತಿಗೂ ನನ್ನ ಊಟ ನಡೆಯುವುದು ಹೆಚ್ಚಾಗಿ ಅದರಿಂದಲೇ: ಮಕ್ಕಳಿಗೆ ಕೋಚಿಂಗ್, ಕಾರು ಕಂಪನಿಗಳ ಟ್ರ್ಯಾಕ್ ಡೇಗಳಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೇಳಿಕೊಡುವುದು. ಉಳಿದದ್ದರಲ್ಲಿ ರೇಸು.

ಈಗ ವರ್ಷಕ್ಕೆ ಒಂದೆರಡು ಸಲ ನಮ್ಮ ಕಡೆ ಕಾರ್ ರ‍್ಯಾಲಿಯಲ್ಲೂ ಓಡಿಸುತ್ತೇನೆ. ಚಿಕ್ಕಮಗಳೂರಿನ ತೋಟದ ಮಣ್ಣು ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ರ‍್ಯಾಲಿಯೇ ನಡೆದಿದೆ. ಆ ಚಾಂಪಿಯನ್‌ಶಿಪ್ಪನ್ನು ಮೂರು ಸಲ ಗೆದ್ದ ಗೌರವ್ ಗಿಲ್ ಇಲ್ಲಿ ಎಬ್ಬಿಸಿದ ಧೂಳನ್ನು ಬೇಲಿ ಪಕ್ಕ ನಿಂತು ಕುಡಿದವನು ನಾನು. ರ‍್ಯಾಲಿಯಲ್ಲಿ ಮೊದಲು ನಿಧಾನವಾಗಿ ಓಡಿಸಿ ಪ್ರತಿ ತಿರುವಿಗೂ ನಂಬರ್ ಕೊಟ್ಟು ಬರೆಸಬೇಕು. ನನ್ನ ಲೆಕ್ಕದಲ್ಲಿ ಒಂದು ಅಂದರೆ ಕಡಿದಾದ ತಿರುವು, ಆರು ಅಂದರೆ ಕಾಲು ಎತ್ತದೆ ಹೋಗುವುದು. ಆಮೇಲೆ ಪಕ್ಕದ ಸೀಟಿನಲ್ಲಿ ಕೂತ ಮಂಗಳೂರಿನ ನನ್ನ ನ್ಯಾವಿಗೇಟರ್ ಅದನ್ನು ಓದಿ ಹೇಳಿದ್ದನ್ನು ನಂಬಿ ಓಡಿಸಬೇಕು. "ನಿನ್ನಷ್ಟು ಬರೆಸೋರನ್ನ ನೋಡಿಲ್ಲ ಮಾರಾಯ" ಅಂತ ಅವನ ಗೋಳು.

ಹೋದ ದೀಪಾವಳಿಗೆ ಮನೆಯಲ್ಲಿ ಬೀರು ತೆಗೆದು ಒರೆಸುವಾಗ ಅಪ್ಪನ ಮಳೆ ಪುಸ್ತಕಗಳು ಸಿಕ್ಕವು. ಕೊಯಮತ್ತೂರಿಗೆ ಹೋದ ವರ್ಷದ್ದನ್ನು ಹುಡುಕಿ ತೆಗೆದೆ. ಆ ದಿನದ ಮಳೆ: 4 ಸೆಂಟ್. ಪಕ್ಕದ ಷರಾ ಕಾಲಂನಲ್ಲಿ ಅವರ ಓರೆ ಅಕ್ಷರ: "ಮಗನ ಎಂಜಿನ್ ಸೀಜ್. ಜೆಟ್ ಬದಲಿಸಿರಲಿಲ್ಲ. ರಾತ್ರಿ ಊಟ ಮಾಡಲಿಲ್ಲ."