ಮಾದರಿ ಕಾಡಿನಲ್ಲಿ ಒಂದೇ ಜಾತಿ ಉಳಿಯುತ್ತಿತ್ತು, ಸರಿ ಮಾಡಿದ್ದು ಹೀಗೆ

ಪನಾಮಾದ ಬಾರೋ ಕೊಲೊರಾಡೋ ದ್ವೀಪದ 50 ಹೆಕ್ಟೇರ್ ತಾಕಿನಲ್ಲಿ ಸುಮಾರು 300 ಜಾತಿಯ ಮರಗಳಿವೆ. ಅಂಥದ್ದೇ ಕಾಡನ್ನು ಕಂಪ್ಯೂಟರಿನಲ್ಲಿ ಬೆಳೆಸಲು ಹೊರಟೆ. 400 ವರ್ಷ ಓಡಿಸುವಷ್ಟರಲ್ಲಿ ನೆರಳು ತಾಳುವ ಒಂದೇ ಜಾತಿ ಉಳಿದು, ಮಿಕ್ಕವೆಲ್ಲ ಮಾಯವಾಗುತ್ತಿದ್ದವು.

ಬೀಜದ ಸಂಖ್ಯೆ ಹೆಚ್ಚಿಸಿದೆ, ಉಪಯೋಗವಾಗಲಿಲ್ಲ. ತಾಕು ದೊಡ್ಡದು ಮಾಡಿದಾಗ ಅಳಿವು ತಡವಾಯಿತು, ಅಷ್ಟೇ. ರಾಂಡಮ್ ಸೀಡ್ (ಕಂಪ್ಯೂಟರ್ ಅಡ್ಡಾದಿಡ್ಡಿ ಸಂಖ್ಯೆಗಳನ್ನು ಹುಟ್ಟಿಸಲು ಶುರುಮಾಡುವ ಅಂಕಿ) ಬದಲಿಸಿದ್ದಂತೂ ಸುಮ್ನೆ ಸಮಯ ಹಾಳು.

ತಪ್ಪಿದ್ದದ್ದು ಬೆಳಕಿನ ಲೆಕ್ಕದಲ್ಲಿ. ನಾನು ಇಡೀ ಹೆಕ್ಟೇರಿಗೆ ಸರಾಸರಿ ತೆಗೆಯುತ್ತಿದ್ದೆ. ದೊಡ್ಡ ಮರ ಬಿದ್ದ ಜಾಗದ ಬಿಸಿಲು ಆ ಸರಾಸರಿಯಲ್ಲಿ ಕರಗಿಹೋಗುತ್ತಿತ್ತು. ಬಿಸಿಲು ಬೇಕಾದ ಸಸಿಗೆ ಅವಕಾಶವೇ ಇಲ್ಲ, ಅಲ್ವಾ?

ಮೊದಲು ಹೆಕ್ಟೇರನ್ನು 20×20 ಮೀಟರಿನ 25 ಚೌಕ ಮಾಡಿದೆ. ಪ್ರತಿ ಚೌಕದಲ್ಲೂ ಮೇಲಿನಿಂದ ಕೆಳಕ್ಕೆ, ಅರ್ಧ ಮೀಟರಿಗೊಂದು ಪದರದಂತೆ ಬೆಳಕಿನ ಲೆಕ್ಕ. ಆಮೇಲೆ ಸತ್ತ ದೊಡ್ಡ ಮರ ಪಕ್ಕದ ಚೌಕದ ಮೇಲೆ ಬಿದ್ದು ಅಲ್ಲಿಯ ಮರಗಳನ್ನೂ ಮುರಿಯುವಂತೆ ಬರೆದೆ.

ಜಾತಿಗಳನ್ನು ಗುಂಪು ಮಾಡಿದ್ದು ಕೊನೆಗೆ: ನೆರಳು ತಾಳುವ ಶಕ್ತಿ ಮೂರು ಮಟ್ಟ, ಗರಿಷ್ಠ ಎತ್ತರ ಮೂರು ಮಟ್ಟ, ಒಟ್ಟು 9. ಹತ್ತು ಹನ್ನೆರಡು ಮರವಷ್ಟೇ ಸಿಗುವ ಜಾತಿಯ ಬೆಳವಣಿಗೆ ದರವನ್ನು ನಂಬಲಾಗದು, ಗುಂಪು ಮಾಡಿದ್ದು ಅದಕ್ಕೇ. ಇದನ್ನೇ ಮೊದಲು ಮಾಡಿದ್ದಾಗ ಬಿಸಿಲು ಜಾತಿಗಳು ಮತ್ತೆ ಸತ್ತವು. ಕ್ರಮ ತಪ್ಪಿಸಬೇಡಿ.

ಈಗ 1000 ವರ್ಷ ಓಡಿಸಿದರೂ ಒಂಬತ್ತೂ ಗುಂಪು ಉಳಿದಿವೆ.