ಊರಿನ ನೀರನ್ನು ಎಣಿಸುವ ಬಗೆ: ಒಬ್ಬ ನೀರುಗಂಟಿಯ ಲೆಕ್ಕ

ಚಳ್ಳಕೆರೆ ಸೀಮೆಯ ಒಂದು ಹಳ್ಳಿಗೆ ನಾನು ನೀರುಗಂಟಿ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನೆಲ. ಬೈಗುಳ ಮಾತ್ರ ಧಾರಾಳ. ವಾಲ್ವ್ ತಿರುಗಿಸುತ್ತಾ ಬೈಸಿಕೊಂಡು ಬೇಸತ್ತ ಮೇಲೆ ಈ ಲೆಕ್ಕ ಕಲಿತೆ.

ಸ್ವಾತಿ ಮಳೆ ಮುಗಿಯುತ್ತಿದ್ದಂತೆ ಶುರು ಮಾಡಿ. ಬೋರ್ ನಂಬಿ ಬೇಸಿಗೆ ಬೆಳೆ ಇಡುವವರು ಆಗಿನ್ನೂ ಯೋಚಿಸುತ್ತಿರುತ್ತಾರೆ. ಬಿತ್ತಿದ ಮೇಲೆ ಹೇಳಿದರೆ ಕೇಳುವವರಿಲ್ಲ.

ಮೊದಲು ಬೋರ್‌ಗಳು. 'ನಂದು ಎರಡಿಂಚು ನೀರು' ಎಂಬ ಮಾತನ್ನು ಬರೆದುಕೊಳ್ಳಬೇಡಿ. ಇಂಚು ಪೈಪಿನ ಅಳತೆ, ನೀರಿನದಲ್ಲ. ಮೋಟಾರ್ ಒಂದು ಗಂಟೆ ಓಡಲಿ; ಮೊದಲು ಜೋರಾಗಿ ಬರುವುದು ಕೊಳವೆಯಲ್ಲಿ ನಿಂತಿದ್ದ ನೀರು. ಆಮೇಲೆ 20 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಸೆಕೆಂಡ್ ಎಣಿಸಿ. 8 ಸೆಕೆಂಡಿಗೆ ತುಂಬಿದರೆ ಗಂಟೆಗೆ 9,000 ಲೀಟರ್. ತ್ರೀ ಫೇಸ್ ಕರೆಂಟ್ 7 ಗಂಟೆ ಸಿಕ್ಕರೆ ದಿನಕ್ಕೆ 63,000. ಇದೇ ಬೋರನ್ನು ಏಪ್ರಿಲ್‌ನಲ್ಲಿ ಮತ್ತೆ ಅಳೆಯಬೇಕು. ನಮ್ಮಲ್ಲಿ ಒಂದು ಬೋರಿನ ನೀರು ಎಷ್ಟು ಇಳಿದಿತ್ತೆಂದರೆ, 8 ಸೆಕೆಂಡಿಗೆ ತುಂಬುತ್ತಿದ್ದ ಬಕೆಟ್‌ಗೆ 20 ಸೆಕೆಂಡ್ ಹಿಡಿದಿತ್ತು. ಮೋಟಾರ್ ಇಳಿಸದ ಹಳೆಯ ಕೊಳವೆ ಇದ್ದರೆ ಮೀಟರಿಗೊಂದು ಗಂಟು ಹಾಕಿದ ನೈಲಾನ್ ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ ಇಳಿಬಿಡಿ. ನೀರು ಮುಟ್ಟಿದ ಸದ್ದಿಗೆ ಕಿವಿಗೊಟ್ಟು ಗಂಟು ಎಣಿಸಿ, ತಿಂಗಳಿಗೊಮ್ಮೆ ಬರೆದಿಡಿ.

ಮಳೆಯ ಲೆಕ್ಕ ಸುಲಭ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ. ಒಂದು ಹೆಕ್ಟೇರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ 10,000 ಲೀಟರ್. ಹಿಗ್ಗಬೇಡಿ. ನಮ್ಮಂಥ ಕಲ್ಲುನೆಲದಲ್ಲಿ ಅಂತರ್ಜಲ ಸೇರುವುದು ಅದರಲ್ಲಿ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ.

ಇನ್ನು ಖರ್ಚು. ಕುಡಿಯುವುದು, ಬಳಸುವುದು ಎಲ್ಲ ಸೇರಿ ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಜಲಜೀವನ್ ಮಿಷನ್ನಿನ ಅಳತೆ. ನಿಜವಾಗಿ ಎಷ್ಟು ಸಿಗುತ್ತದೆ ಎಂಬುದನ್ನು ಮನೆಯ ಯಜಮಾನರನ್ನು ಕೇಳಬೇಡಿ, ಕೊಡ ಹೊರುವವರನ್ನು ಕೇಳಿ. ಮೊದಲ ವರ್ಷ ನಾನು ಪಂಚಾಯಿತಿ ಪುಸ್ತಕ ನೋಡಿ ಮನೆಗಳನ್ನಷ್ಟೇ ಎಣಿಸಿದ್ದೆ. ಹಟ್ಟಿಯ ಅಜ್ಜಿಯೊಬ್ಬರು, 'ಕುರಿ ಏನು ಗಾಳಿ ಕುಡಿಯುತ್ತವೇನಪ್ಪಾ?' ಎಂದರು. ಬೇಸಿಗೆಯಲ್ಲಿ ಒಂದಕ್ಕೆ ನಾಲ್ಕೈದು ಲೀಟರ್. 1,500 ಕುರಿಗೆ ದಿನಕ್ಕೆ ಆರೇಳು ಸಾವಿರ ಲೀಟರ್ ಬಿಟ್ಟುಹೋಗಿತ್ತು.

ಆದರೆ ದೊಡ್ಡ ಬಾಯಿ ಬೆಳೆಯದು. 800 ಜನಕ್ಕೆ 55 ಲೀಟರಿನಂತೆ ವರ್ಷಕ್ಕೆ 1.6 ಕೋಟಿ ಲೀಟರ್ ಬೇಕು. ಒಂದು ಎಕರೆ ಭತ್ತಕ್ಕೆ 1,200 ಮಿಲಿಮೀಟರ್ ನೀರು ಎಂದಿಟ್ಟುಕೊಂಡರೆ ಸುಮಾರು 48 ಲಕ್ಷ. ಅಂದರೆ ಮೂರೂಕಾಲು ಎಕರೆ ಭತ್ತ ಒಂದೇ ಬೆಳೆಗೆ ಊರಿನ ಇಡೀ ವರ್ಷದ ನೀರನ್ನು ಕುಡಿಯುತ್ತದೆ! ಇದನ್ನು ಮೂರು ಸಲ ಕೂಡಿಸಿ ನೋಡಿದ್ದೇನೆ. ಶೇಂಗಾಕ್ಕೆ ಅದರ ಅರ್ಧದಷ್ಟೂ ಬೇಡ. ಯಾವ ಬೆಳೆ ಎಷ್ಟು ಎಕರೆ ಎಂಬುದಕ್ಕೆ ಪಹಣಿಯನ್ನೇ ನಂಬದೆ ಹೊಲ ಸುತ್ತಿ ಬನ್ನಿ.

ಕೊನೆಗೆ ಜಮೆ, ಖರ್ಚು ಎರಡನ್ನೂ ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಬರೆಯಿರಿ. ನಾನು ಬರೆದ ಮರುದಿನವೇ ಒಬ್ಬರು ಬಂದು, 'ನನ್ನ ಬೋರಿನ ಅಂಕಿ ಅಳಿಸಪ್ಪಾ, ಸಾಲ ಹುಟ್ಟುವುದಿಲ್ಲ' ಎಂದರು. ಅಂಕಿ ಉಳಿಸಿದೆ, ಹೆಸರು ತೆಗೆದು ಸರ್ವೆ ನಂಬರ್ ಹಾಕಿದೆ. ನಮ್ಮೂರಿನಲ್ಲಿ ಯಾರ ಸರ್ವೆ ನಂಬರ್ ಯಾರಿಗೆ ಗೊತ್ತಿಲ್ಲ ಎಂಬುದು ಬೇರೆ ಮಾತು.